ಕಂಬಳಿ ಹೊದ್ದ ಪಾತ್ರೆ

ಮನೆಯಿಂದ, ಮೂರನೆಯ ಮಹಡಿ
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ದಿನವಿಡೀ ನಿಂತು ಒಲೆ ಮಾರುವವನು ಸಂಜೆಯಾದರೂ ಕಾಲು ಚಾಚಿ ಕೂರಬೇಕು. ಹೆಂಡತಿ ಹೇಳಿದರೆ ಕೇಳುವವನಲ್ಲ, ಅಕ್ಕ ಹೇಳಿದರಂತೂ ಮುಗಿದೇ ಹೋಯಿತು. ಅಮ್ಮನ ಹೆಸರೆತ್ತಿದರೆ ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಪತ್ರ, ಅದೂ ಕೊರಿಯರ್‌ನಲ್ಲಿ.

ಮೊನ್ನೆ ನಗರಸಭೆಯವರು ಮನೆಮನೆಗೆ ಬಣ್ಣದ ಕರಪತ್ರ ಹಂಚಿದರು. 'ಇಂಧನ ಉಳಿಸಿ, ಮನಸ್ಸು ಹಗುರಾಗಿಸಿಕೊಳ್ಳಿ.' ಖಾಲಿ ಕೋಣೆಯ ದೀಪ ಆರಿಸಿ, ಕಾಳು ನೆನೆಸಿ ಬೇಯಿಸಿ, ಕುದಿ ಬಂದ ಪಾತ್ರೆಯನ್ನು ಇಳಿಸಿ ಕಂಬಳಿಯಲ್ಲಿ ಸುತ್ತಿಡಿ, ಉಳಿದ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಹೊಸ ವಿಧಾನವಂತೆ! ನನಗೆ ಮೈಯೆಲ್ಲ ಉರಿಯಿತು. ಇದೇ ಕಚೇರಿ ಇಪ್ಪತ್ತು ವರ್ಷದ ಹಿಂದೆ 'ಹಳೆಯ ಅಭ್ಯಾಸ ಬಿಡಿ, ಕರೆಂಟ್ ಒಲೆ ಕೊಳ್ಳಿ' ಎಂದು ಗೋಡೆಗೋಡೆಗೂ ಅಂಟಿಸಿತ್ತು. ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಹಳೆಯ ಪತ್ರಿಕೆಗಳನ್ನು ಕಾದವಳು ನಾನು. ದಿನಾಂಕ ಸಮೇತ ಎರಡು ಪುಟ ಬರೆದು ಅವರಿಗೆ ಕಳಿಸಿದೆ. ಅಂಚೆಗೆ ಹಾಕಿ ಮೆಟ್ಟಿಲು ಹತ್ತುವಾಗ ಅನ್ನಿಸಿತು, ನಾನು ಬರೆಯಬೇಕಾಗಿದ್ದ ಪತ್ರ ಬೇರೆಯೇ ಇದೆ.

ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನ ನಿನಗೂ ನೆನಪಿದೆ. ನಿನ್ನ ಅಂಗಡಿಯ ಯಜಮಾನರು ಊಟಕ್ಕೆ ಬಂದಿದ್ದರು. ಅಮ್ಮ ಮಂಚದ ಮೇಲಿನ ಕಂಬಳಿ ಬಿಚ್ಚಿ ಪಾತ್ರೆ ತೆಗೆದಳು. "ಏನಮ್ಮಾ, ಅನ್ನಕ್ಕೂ ಚಳಿಯಾ?" ಎಂದು ಅವರು ನಕ್ಕರು. ಅವರು ಕೆಳಗಿಳಿದದ್ದೇ ತಡ, "ಒಲೆ ಮಾರೋನ ಮನೇಲಿ ಒಲೆ ಉರಿಸೋಕೂ ಜಿಪುಣತನ! ನನ್ನ ಮಾನ ಕಳೆದೆ" ಎಂದು ಅಮ್ಮನ ಮೇಲೆ ಕೂಗಿ ಹೋದ ನೀನು ಮತ್ತೆ ಈ ಮೆಟ್ಟಿಲು ತುಳಿಯಲಿಲ್ಲ. ಅಮ್ಮ ಕಂಬಳಿ ಮಡಿಸುತ್ತಾ ನಿಂತಿದ್ದಳು. ಊರವರ ತಪ್ಪನ್ನೆಲ್ಲ ಎತ್ತಿ ಆಡುವ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಈಗ ಕೇಳು. ಅಪ್ಪ ಹೋದ ಮೇಲೆ ಅಮ್ಮ ಬೆಳಗ್ಗೆ ಆರಕ್ಕೇ ಲಾಂಡ್ರಿ ಕೆಲಸಕ್ಕೆ ಹೊರಡುತ್ತಿದ್ದಳು. ನಿನಗೆ ಮೂರು ವರ್ಷ, ನನಗೆ ಒಂಬತ್ತು. ಒಂದು ದಿನ ಅನ್ನ ಬಿಸಿಮಾಡಲು ಒಲೆ ಹಚ್ಚಿ, ನಾನು ಕಥೆಪುಸ್ತಕ ಹಿಡಿದು ಕೂತುಬಿಟ್ಟೆ. ನೀನು ಸ್ಟೂಲು ಹತ್ತಿ ಉರಿಗೆ ಕೈ ಚಾಚಿದೆ. ಸ್ನಾನದ ನೀರು ಚೆಲ್ಲಿ ಆದದ್ದು ಎಂದು ನೀನು ನಂಬಿರುವ ಎಡಗೈಯ ಕಲೆ ಅದು. ಅಮ್ಮ ನನ್ನನ್ನು ಬೈಯಲಿಲ್ಲ. "ಅವನಿಗೆ ಹೇಳ್ಬೇಡ, ದೊಡ್ಡೋನಾದ್ಮೇಲೆ ಅಕ್ಕನ ಮೇಲೆ ಮುನಿಸ್ಕೋತಾನೆ" ಎಂದಳು, ಅಷ್ಟೆ. ಮರುದಿನದಿಂದ ಸಿಲಿಂಡರ್ ಬಂದ್ ಮಾಡಿ, ಬಿಸಿ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನ ಬಿಚ್ಚಿದರೆ ಇನ್ನೂ ಹಬೆಯಾಡುತ್ತಿತ್ತು. ಲಾಂಡ್ರಿಯಲ್ಲಿ ನೆಮ್ಮದಿಯಿಂದ ಕೆಲಸ ಮಾಡಲು ಅವಳಿಗಿದ್ದ ದಾರಿ ಅದೊಂದೇ. ನೀನು ಜಿಪುಣತನ ಎಂದದ್ದು ಅದಕ್ಕೆ. ನನ್ನ ಮೇಲೆ ಬರಬೇಕಾಗಿದ್ದ ಮುನಿಸನ್ನು ಹನ್ನೊಂದು ವರ್ಷ ಅವಳು ಹೊತ್ತಳು, ನಾನು ಹೊರಲು ಬಿಟ್ಟೆ.

ಮಗಳಿಗೊಂದು ಮುತ್ತು. ನಿನ್ನವಳನ್ನು ಕೇಳಿದೆನೆಂದು ಹೇಳು. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ಮೇಲೆ ಬರೆಯಲು ಕೈ ಬರಲಿಲ್ಲ: ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇನೆ. ಇನ್ನೊಂದು ವಾರ ಕಂಡರೆ ಹೆಚ್ಚು ಎಂದರು ಡಾಕ್ಟರು. ಎರಡು ಚಮಚ ಗಂಜಿ ಕುಡಿದು, ಉಳಿದದ್ದನ್ನು ಸುತ್ತಿಡು ಎಂದು ಸನ್ನೆ ಮಾಡುತ್ತಾಳೆ. ಯಾರಿಗೆ ಎಂದು ನಾನು ಕೇಳುವುದಿಲ್ಲ. ಪಾತ್ರೆ ಆರು ಗಂಟೆ ಹೊತ್ತು ಬಿಸಿಯಾಗಿರುತ್ತದೆ. ನಿನ್ನ ಊರಿಂದ ಬರುವ ರೈಲಿಗೆ ಐದು ಗಂಟೆ ಸಾಕು.