ಮೊಣಕೈ ಮುಳುಗುವಷ್ಟು ನೀರು

ಬಣ್ಣದ ಕೋಣೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ

ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಕೈ ತೊಳೆದುಕೊಳ್ಳಿ. ಹಡಗಿನ ಅಡುಗೆಯವನಾಗಿದ್ದರೆ ಕಾಗದವನ್ನು ಇಲ್ಲಿಗೇ ಮಡಚಿ ನನ್ನ ಮೊಮ್ಮಗಳ ಕೈಗೆ ಕೊಡು. ಪರರ ಮನೆ ಸುದ್ದಿಗೆ ಉಪ್ಪು ಖಾರ ಹಾಕುವುದು ನಿನ್ನ ಕೆಲಸವಲ್ಲ. ಮೊಮ್ಮಗಳೇ ಆಗಿದ್ದರೆ, ನಾಚಿಕೆಯಾಗಬೇಕು ಕಣೇ ನಿನಗೆ! ಎರಡು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಸಮುದ್ರದ ಆಳ ಅಳೆಯುವವಳಿಗೆ ಅಜ್ಜಿಗೆ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲವೇ?

ಪ್ರೀತಿಯ ಇರುವೆಮರೀ, ಆರೋಗ್ಯವೇ? ಹಡಗಿನ ವಾಂತಿ ನಿಂತಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲಾ ನಿನ್ನಮ್ಮನ ಹಾಗೆ ಚಹಾದಲ್ಲೇ ದಿನ ದೂಡುತ್ತಿದ್ದೀಯಾ? ನನ್ನ ಮಂಡಿ ನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ.

ಸುದ್ದಿ ನಿನ್ನ ಚಿಕ್ಕಜ್ಜಿಯದು. ನನ್ನ ಬೆನ್ನಿಗೆ ಬಿದ್ದ ತಂಗಿ. ಎರಡು ವರ್ಷ ನನ್ನ ಜೊತೆ ಬಟ್ಟೆಗೆ ಬಣ್ಣ ಹಾಕುವ ಹಂಡೆಯ ಮುಂದೆ ನಿಂತು, ಕೈ ಕೊಳಕಾಗುತ್ತದೆ ಎಂದು ಓದಲು ಹೋಗಿ ಟೀಚರಮ್ಮನಾದವಳು. ಎಂಟು ವರ್ಷದ ಹಿಂದೆ ನೀನು ನನ್ನ ಕಂಪ್ಯೂಟರಿಗೆ ಆ ನೋಟ್ಸ್ ಬರೆಯುವ ತಂತ್ರಾಂಶ ಹಾಕಿಕೊಟ್ಟು, "ಅಜ್ಜೀ, ನಿನ್ನ ತಲೇಲಿರೋದನ್ನೆಲ್ಲ ಇದರಲ್ಲಿ ಇಳಿಸು, ಮುಂದೆ ನಂಗೆ ಬೇಕು" ಅಂದೆಯಲ್ಲ? ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ, ಬಣ್ಣಕ್ಕೊಂದು ಚೀಟಿಯಂತೆ ಮುನ್ನೂರ ಹನ್ನೆರಡು ಚೀಟಿ ಬರೆದೆ. ಒಂದರಲ್ಲಿ ಇನ್ನೊಂದರ ಹೆಸರು ಒತ್ತಿದರೆ ಅದು ತೆರೆದುಕೊಳ್ಳುತ್ತದೆ, ನೆಂಟರ ನಡುವೆ ಒಬ್ಬರ ಸುದ್ದಿ ಎತ್ತಿದರೆ ಇನ್ನೊಬ್ಬರದೂ ಈಚೆ ಬರುವ ಹಾಗೆ. ಬೇಸಿಗೆಯಲ್ಲಿ ಬಂದು ಹದಿನೈದು ದಿನ ಉಂಡು ಮಲಗಿದ ನಿನ್ನ ಚಿಕ್ಕಜ್ಜಿ, "ಅಕ್ಕಾ, ಹೊತ್ತೇ ಹೋಗಲ್ಲ, ಸುಮ್ನೆ ಓದ್ತೀನಿ" ಅಂದಳು. ನಾನೇ ಕುರ್ಚಿ ಹಾಕಿ ಕೂರಿಸಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅಷ್ಟನ್ನೂ ಪೆನ್ ಡ್ರೈವಿಗೆ ತುಂಬಿಕೊಂಡು ಹೋಗಿದ್ದಾಳೆ.

ಗೊತ್ತಾದದ್ದು ಮೊನ್ನೆ. ಅಚ್ಚುಮನೆಯವನು ಪುಸ್ತಕದ ರಟ್ಟಿಗೆ ಬಟ್ಟೆಯ ಬಣ್ಣ ಆರಿಸಲು ಬಂದಿದ್ದ. ಪುಸ್ತಕ ಯಾರದ್ದಪ್ಪಾ ಎಂದು ಅವನು ತಂದಿದ್ದ ಹಾಳೆ ತಿರುವಿದರೆ ಲೇಖಕಿ ನಿನ್ನ ಚಿಕ್ಕಜ್ಜಿ! "ಐವತ್ತು ವರ್ಷಗಳ ನನ್ನ ಅನುಭವದ ಸಾರ" ಅಂತೆ. ಕೆಂಪು ಬಣ್ಣ ಹಾಕುವ ಬಗೆ ಹೇಳುವ ಹಾಳೆಯಲ್ಲಿ "ಮೊಣಕೈ ಮುಳುಗುವಷ್ಟು ನೀರು" ಎಂದಿದೆ. ಯಾರ ಮೊಣಕೈ? ನನ್ನದು! ಹಂಡೆಯ ತಳಕ್ಕೆ ಬೆರಳು ತಾಗಿಸಿ ಅಳೆಯುವವಳು ನಾನು. ಅವಳ ಕೈ ನನ್ನದಕ್ಕಿಂತ ಗೇಣುದ್ದ ಗಿಡ್ಡ. ಕಸುಬಿನ ಶಾಲೆಯಲ್ಲಿ ಮಕ್ಕಳ ಮುಂದೆ ತನ್ನ ಕೈ ಮುಳುಗಿಸಿ ಅಳೆದು ಬಣ್ಣ ಹಾಕಿದಳಂತೆ. ನೀರು ಸಾಲದೆ ಬಟ್ಟೆಯೆಲ್ಲ ಮಚ್ಚೆ ಮಚ್ಚೆ. "ಇಲ್ಲಿನ ನೀರೇ ಸರಿಯಿಲ್ಲ ಮಕ್ಕಳೇ" ಅಂದಳಂತೆ. ಅಚ್ಚುಮನೆಯವನು ಇದನ್ನು ಹೇಳಿದಾಗ ನಾನು ನಕ್ಕ ನಗೆಗೆ ಅವನು ಹೆದರಿ ಎದ್ದು ನಿಂತ.

ಹೋಗಿ ಅವಳ ಬಾಗಿಲಲ್ಲಿ ನಿಂತು ಜನ್ಮ ಜಾಲಾಡುವ ಮನಸ್ಸಾಗಿತ್ತು. ಆಮೇಲೆ ಆ ತಂತ್ರಾಂಶದ ಬಗ್ಗೆ ನೀನು ಆಡಿದ ಮಾತು ನೆನಪಾಯಿತು. "ಇದು ಓಪನ್ ಸೋರ್ಸ್ ಅಜ್ಜಿ, ಮಾಡಿದವರು ಗುಟ್ಟು ಇಟ್ಕೊಂಡಿಲ್ಲ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು" ಅಂದಿದ್ದೆ. ಯಾವ ಪೆದ್ದರಪ್ಪಾ ಇವರು ಎಂದು ಆಗ ನಕ್ಕಿದ್ದೆ. ಈಗ ತಿಳಿಯಿತು, ಕದ್ದ ಗುಟ್ಟು ಮಾರುವವಳ ಅಂಗಡಿ ಮುಚ್ಚಿಸಲು ಅದೇ ಗುಟ್ಟನ್ನು ಪುಕ್ಕಟೆ ಹಂಚುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಚೀಟಿಗಳನ್ನೆಲ್ಲ ಜಾಲತಾಣದಲ್ಲಿ ಬಿಡುತ್ತೇನೆ. ಬರೆದ ತಾರೀಖು, ಸೀದುಹೋದ ಹಂಡೆ, ಹಾಳಾದ ನೂಲು, ನನ್ನ ಬೈಗುಳ, ಎಲ್ಲ ಸಮೇತ. ಪುಸ್ತಕ ಕೈಗೆ ಬಂದ ದಿನ ಅವಳ ಮುಖಕ್ಕೆ ಏರುವ ಬಣ್ಣಕ್ಕೂ ಒಂದು ಚೀಟಿ ಬರೆಯುತ್ತೇನೆ. ಆದರೆ ನೀನು ಮಾಡಿಟ್ಟ ಜಾಲತಾಣದ ಪಾಸ್‌ವರ್ಡ್ ನಿನ್ನ ಬಳಿ ಇದೆ. ಮೇಲಾಗಿ ಅಷ್ಟೂ ನಿನಗೆಂದು ಬರೆದದ್ದು. ಊರಿಗೆಲ್ಲ ಹಂಚಿದರೆ ನಿನ್ನ ಪಾಲಿಗೆ ಗುಟ್ಟೆಂಬುದು ಉಳಿಯುವುದಿಲ್ಲ. ನೀನು ಹೂಂ ಅನ್ನದೆ ನಾನು ಗುಂಡಿ ಒತ್ತುವುದಿಲ್ಲ.

ನೂರು ವರ್ಷ ಬಾಳು, ತಲೆಗೆ ಎಣ್ಣೆ ಹಾಕಿಕೋ, ಅಡುಗೆಯವನ ಮೇಲೊಂದು ಕಣ್ಣಿಡು.

ನಿನ್ನ ಅಜ್ಜಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ನಮ್ಮ ಕಪ್ಪು ಬಣ್ಣ ಇದೆಯಲ್ಲ, ಎಷ್ಟು ಒಗೆದರೂ ಬಿಡದ್ದು, ಎಲ್ಲರೂ ಅಜ್ಜಿಯ ಕಪ್ಪು ಅನ್ನುವುದು, ಅದು ನನ್ನದಲ್ಲ. ತುಕ್ಕಿನ ನೀರಿಗೆ ದಾಳಿಂಬೆ ಸಿಪ್ಪೆ ಹಾಕಿ ಅದನ್ನು ಹದಕ್ಕೆ ತಂದವಳು ಅವಳೇ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಐವತ್ತು ವರ್ಷ ನಾನು ಬಾಯಿ ಬಿಡಲಿಲ್ಲ. ಚೀಟಿಯಲ್ಲಿ ಮಾತ್ರ, ನೀನೊಬ್ಬಳೇ ಓದುವವಳೆಂದು, ನಿಜ ಬರೆದಿಟ್ಟಿದ್ದೆ. ಕದ್ದವಳ ಕಣ್ಣಿಗೆ ಅದು ಬಿದ್ದಿಲ್ಲ. ಪುಸ್ತಕದಲ್ಲಿ ಕಪ್ಪೇ ಇಲ್ಲ. ಇವತ್ತು ಅದನ್ನು ಅಳಿಸಲು ಹೋದೆ. ಹನ್ನೊಂದು ಚೀಟಿಗಳು ಅದರತ್ತ ಬೆರಳು ತೋರಿಸುತ್ತಿವೆ, ಅಳಿಸಿದರೆ ಅಷ್ಟೂ ಬೆರಳು ಗಾಳಿಗೆ. ಅಳಿಸಲಿಲ್ಲ. ಅವಳು ನನ್ನ ಹೆಸರು ನುಂಗಿದಳು. ನಾನು ಅವಳ ಹೆಸರು ಹಾಕಿಯೇ ಬಿಡುತ್ತೇನೆ. ಓದಿ ಉರಿದುಕೊಳ್ಳಲಿ, ತಿರುಗಿ ಬೈಯಲು ಬಾಯಿ ಇಲ್ಲದ ಹಾಗೆ. ನನ್ನ ಮಾನ ಹೋಗುವುದಾದರೂ ಸರಿ. ಅವಳ ಪುಸ್ತಕ ಬರುವುದು ಒಂದನೇ ತಾರೀಖಿಗೆ. ಹೂಂ ಅನ್ನು, ಊಹೂಂ ಅನ್ನು, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.