ಚಡಾವಿನಲ್ಲಿ ಮಾತ್ರ ಕೇಳುವ ಸದ್ದು

ಐವರ್ನಾಡು
12-2-1981

ಪ್ರೀತಿಯ ಅಣ್ಣಾ,

ಕಾಲಿನ ನೋವು ಹೇಗುಂಟು? ಪ್ಲಾಸ್ಟರಿನ ಒಳಗೆ ತುರಿಸುತ್ತದೆ ಎಂದು ಬರೆದಿದ್ದೆಯಲ್ಲ, ತುರಿಸಿದರೆ ಗುಣವಾಗುತ್ತಿದೆ ಎಂದೇ ಲೆಕ್ಕ, ಕಡ್ಡಿ ತೂರಿಸಬಾರದು ಎಂದು ಅವ್ವ ಬರೆಸುತ್ತಿದ್ದಾಳೆ. ಮಂಗಳೂರಿನ ಆಸ್ಪತ್ರೆಯ ಗಂಜಿ ನಿನಗೆ ಇಳಿಯುವುದಿಲ್ಲವೆಂದು ಗೊತ್ತು. ಮಿಡಿ ಉಪ್ಪಿನಕಾಯಿಯ ಭರಣಿಯನ್ನೂ ಈ ಪತ್ರವನ್ನೂ ಸುಂದರನ ಕೈಯಲ್ಲಿ ಕಳಿಸಿದ್ದೇನೆ. ಪಕ್ಕದ ಮಂಚದವರಿಗೂ ಕೊಡು, ಒಬ್ಬನೇ ಮುಗಿಸಬೇಡ.

ಜೀಪನ್ನು ಕ್ರಯಕ್ಕೆ ಕೇಳಿದ್ದ ಸವಣೂರಿನವರಿಗೆ ಕೊಟ್ಟುಬಿಡಿ ಎಂಬ ನಿನ್ನ ಕಾಗದ ಬಂತು. ಅಪ್ಪ ನನ್ನಿಂದ ಓದಿಸಿಕೊಂಡು, ಎದ್ದು ತೋಟಕ್ಕೆ ಹೋದರು. ಕಡಬದಲ್ಲಿ ಇನ್ನೊಬ್ಬರ ಜೀಪು ಓಡಿಸಿ, ಇನ್ನೊಬ್ಬರ ರಬ್ಬರು ಮರದ ಹಾಲು ತೆಗೆದು ನೀನು ಆ ಜೀಪು ಮಾಡಿದ್ದು. ಅದು ಹೋದರೆ ಕಾಲು ಸರಿಯಾದ ಮೇಲೆ ಮತ್ತೆ ಯಾರದೋ ಸ್ಟೇರಿಂಗ್ ಹಿಡಿಯಬೇಕು. ನಿನ್ನ ಬದಲಿಗೆ ಸುಂದರ ಬೆಳ್ಳಾರೆಯಿಂದ ಸುಳ್ಯಕ್ಕೆ ಟ್ರಿಪ್ಪು ಹೊಡೆಯಲು ತೊಡಗಿದಂದಿನಿಂದ, ಜನ ತುಂಬಿಸಿಕೊಂಡು ಗುಡ್ಡೆಯ ಚಡಾವು ಏರುವಾಗೆಲ್ಲ ಎಂಜಿನ್ನಿನ ಬುಡದಿಂದ ಟಕ್ ಟಕ್ ಎಂದು ಹೊಡೆಯುವ ಸದ್ದು. ಪುತ್ತೂರಿನ ಗ್ಯಾರೇಜಿನವರು ಖಾಲಿ ಜೀಪನ್ನು ಪೇಟೆಯಲ್ಲೇ ಒಂದು ಸುತ್ತು ತಿರುಗಿಸಿದರು. ಸದ್ದು ಬರಲಿಲ್ಲ. ಕೊನೆಗೆ ಸುಂದರ ಬಾಯಲ್ಲಿ ಮಾಡಿ ತೋರಿಸಿದ ಸದ್ದನ್ನು ಕೇಳಿಯೇ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದರು. ಅದನ್ನೇ ಅಪ್ಪ ನಿನಗೆ ತಿಳಿಸಿದ್ದು, ನೀನು ಮಾರಿಬಿಡಿ ಎಂದದ್ದು.

ನಾನು ಟೈಪಿಂಗ್ ಕ್ಲಾಸಿಗೆ ದಿನಾ ಅದರಲ್ಲೇ ಹೋಗುವವಳು. ಜೀಪಿನಲ್ಲಿ ನಾನು ಮಾತಾಡುವುದಿಲ್ಲ ಎಂದು ನೀನು ತಮಾಷೆ ಮಾಡುತ್ತಿದ್ದೆಯಲ್ಲ, "ಇವಳನ್ನು ಲಗೇಜಿಗೆ ಹಾಕುದು" ಎಂದು? ಮಾತಾಡದವರಿಗೆ ಬೇರೆ ಕೆಲಸ ಸಿಗುತ್ತದೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಸದ್ದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಬರುತ್ತದೆ. ಅಂಗಳದಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಎಷ್ಟು ರೈಸ್ ಮಾಡಿದರೂ ಇಲ್ಲ. ಕಾಲೇಜಿನಲ್ಲಿ ಪದ್ಯಗಳಿಗೆ ಗಣ ಹಾಕಿ ಹಾಕಿ ನನ್ನ ಕಿವಿಗೆ ಎಣಿಸುವ ಚಾಳಿ ಅಂಟಿದೆ. ಎಂಜಿನ್ನಿನ ವೇಗ ಹೆಚ್ಚಿದರೂ ಈ ಸದ್ದು ಅದರ ಜೊತೆ ಹೆಚ್ಚುತ್ತಿರಲಿಲ್ಲ. ಒಳಗಿನ ಬೇರಿಂಗ್ ಆದರೆ ಎಂಜಿನ್ನಿನೊಂದಿಗೇ ತಾಳ ಹಾಕಬೇಡವೇ? ಇದು ಹೊರಗಿನವರು ಯಾರೋ ಬಾಗಿಲು ತಟ್ಟಿದ ಹಾಗೆ. ಅವ್ವನಲ್ಲಿ ಹೇಳಿದೆ. ಅವಳು ಕೂಡಲೇ ಸೆರಗು ಸಿಕ್ಕಿಸಿಕೊಂಡು ನನ್ನನ್ನು ಬೆಳ್ಳಾರೆಯ ಮೆಕ್ಯಾನಿಕ್ ಅಲಿ ಕುಂಞಿಯ ಮುಂದೆ ನಿಲ್ಲಿಸಿದಳು.

ಅಲಿ ಕುಂಞಿ ಪೂರ್ತಿ ಕೇಳಿದ. "ಲೋಡ್ ಆದರೆ ಮಾತ್ರ ಬರುವ ಸದ್ದನ್ನು ಖಾಲಿ ಗಾಡಿಯಲ್ಲಿ ಹುಡುಕುದು ಹೇಗೆ? ಜನ ಹತ್ತಿಸಿ" ಎಂದ. ಬಾಡಿಗೆ ಇಲ್ಲ ಎಂದು ಸುಂದರ ಕೂಗಿದ್ದೇ ತಡ, ಬಸ್‌ಸ್ಟ್ಯಾಂಡು ಖಾಲಿ, ಜೀಪು ಭರ್ತಿ. ಎಲ್ಲರಿಗೂ ಅಭಿಪ್ರಾಯ ಉಂಟು. ಅಂಗಡಿಯ ಡೊಂಬಯ್ಯಣ್ಣ ಗೇರ್ ಬಾಕ್ಸ್ ಎಂದರು. ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಕದೀಜಮ್ಮ, "ಗೇರೂ ಅಲ್ಲ ಎಂತದೂ ಅಲ್ಲ, ಅದು ನನ್ನ ಹುಂಜ ಕುಕ್ಕುದು ಮಾರಾಯ್ರೆ" ಎಂದರು. ಚಡಾವು ಬಂತು, ಇವರ ಗಲಾಟೆಯಲ್ಲಿ ಸದ್ದು ಎಲ್ಲಿ ಕೇಳಬೇಕು? ಅಣ್ಣಾ, ಆಗ ನಾನು ಕಿರುಚಿದೆ: "ಒಮ್ಮೆ ಎಲ್ಲರೂ ಬಾಯಿ ಮುಚ್ಚಿ!" ಯಾರೂ ಉಸಿರೆತ್ತಲಿಲ್ಲ, ಹುಂಜ ಕೂಡ. ಅವ್ವ ತಿರುಗಿ ನನ್ನನ್ನೇ ನೋಡಿದಳು. ಟಕ್. ಟಕ್. ನನ್ನ ಪಾದದ ಕೆಳಗೇ.

ಅಲ್ಲೇ ನಿಲ್ಲಿಸಿ ಬಾನೆಟ್ ಎತ್ತಿದರು. ಯಾರೂ ಇಳಿಯಬಾರದೆಂದು ಅಲಿ ಕುಂಞಿಯ ಅಪ್ಪಣೆ. ಸುಂದರ ಬ್ರೇಕು ಒತ್ತಿ ಹಿಡಿದು ಕ್ಲಚ್ಚನ್ನು ಮೆಲ್ಲನೆ ಬಿಟ್ಟಾಗ, ಇಡೀ ಎಂಜಿನ್ನು ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಎಮ್ಮೆಯ ಹಾಗೆ ಒಂದು ಬದಿಗೆ ವಾಲಿತು, ಸೈಲೆನ್ಸರ್ ಪೈಪು ಹೋಗಿ ಅಡಿಯ ಚಾಸಿಯ ಕಬ್ಬಿಣಕ್ಕೆ ಟಕ್ ಎಂದು ಹೊಡೆಯಿತು. ಎಂಜಿನ್ನು ಕೂರುವ ಮೌಂಟಿಂಗ್ ರಬ್ಬರು ಇರಬೇಕಾದ ಕಡೆ ಬಿಸಿಗೆ ಕರಗಿ ಬೆಲ್ಲದ ಹಾಗೆ ಚಪ್ಪಟೆಯಾದ ಒಂದು ಮುದ್ದೆ. ಅಂಚಿನಲ್ಲಿ ಇನ್ನೂ ರಬ್ಬರು ಶೀಟು ಒತ್ತುವ ರೋಲರಿನ ಗೆರೆಗಳು. ಅಲಿ ಕುಂಞಿ ಮೂಸಿ ನೋಡಿ, "ಹೊಗೆ ವಾಸನೆ! ಹೊಗೆಯಲ್ಲಿ ಒಣಗಿಸಿ ಮಾರುವ ಶೀಟನ್ನು ಮಡಚಿ ಇಟ್ಟಿದ್ದಾರಲ್ಲ. ಇದು ಹಸಿ ರಬ್ಬರು, ಕಾರ್ಖಾನೆಯಲ್ಲಿ ಬೇಯದೆ ಬಿಸಿ ತಡೆಯುದಿಲ್ಲ. ಯಾರ ಬುದ್ಧಿವಂತಿಕೆ ಇದು?" ಎಂದ.

ನಗು ಬಂದರೆ ನಗು, ಕಾಲು ಮಾತ್ರ ಅಲುಗಿಸಬೇಡ. ಜೀಪು ತುಂಬ ಜನ ನಕ್ಕರು. ಅವ್ವ ನಗಲಿಲ್ಲ. "ನನ್ನ ಮಗನದ್ದು. ನಮ್ಮ ತೋಟದ ಮೊದಲ ಶೀಟು ಅದು. ಇಷ್ಟು ಸಮಯ ಎಂಜಿನ್ ಹೊತ್ತಿತಲ್ಲ, ಸಾಲದಾ ನಿಮಗೆ?" ಎಂದಳು. ಆಮೇಲೆ ಯಾರೂ ನಗಲಿಲ್ಲ.

ಪುತ್ತೂರಿನಿಂದ ಹೊಸ ಮೌಂಟಿಂಗ್ ತರಿಸಿ ಹಾಕಿದ್ದಾಯಿತು. ಎಂಜಿನ್ ಇಳಿಸಲಿಲ್ಲ, ಬಿಚ್ಚಲಿಲ್ಲ. ಮರುದಿನ ಅದೇ ಜನ, ಅದೇ ಚಡಾವು. ಈ ಸಲ ಬಾಡಿಗೆ ಕೊಟ್ಟರು, ಬಾಯಿಯನ್ನೂ ತಾವಾಗಿಯೇ ಮುಚ್ಚಿಕೊಂಡರು. ಗುಡ್ಡೆಯ ತುದಿಯವರೆಗೆ ಎಂಜಿನ್ನಿನ ಸ್ವರ ಒಂದೇ. ಡೊಂಬಯ್ಯಣ್ಣ ಈಗ ದಾರಿಯಲ್ಲಿ ಸಿಕ್ಕಿದರೆ, "ಬಿ.ಎ. ಮೆಕ್ಯಾನಿಕ್ ಬಂದರು" ಎನ್ನುತ್ತಾರೆ. ನಾಚಿಕೆಯಾಗುತ್ತದೆ, ಆದರೆ ಬೇಡ ಎನ್ನಿಸುವುದಿಲ್ಲ.

ಅಪ್ಪ, ಅವ್ವ ಆಶೀರ್ವಾದ ಹೇಳಿದ್ದಾರೆ. ಬೇಗ ಎದ್ದು ಬಾ.

ನಿನ್ನ ತಂಗಿ,
ಲೋಲಾಕ್ಷಿ

ತಾ.ಕ.: ಸುಂದರ ಬಸ್ಸಿನಲ್ಲಿ ಬಂದಿದ್ದಾನೆಂದು ಎಣಿಸಿದೆಯಾ? ಅಡಿಕೆ ಮೂಟೆ ಹೇರಿಕೊಂಡು ಜೀಪಿನಲ್ಲೇ ಬಂದಿದ್ದಾನೆ, ಪತ್ರ ಕೊಟ್ಟು ಇಳಿದು ಈಗ ನಿನ್ನ ಕಿಟಕಿಯ ಕೆಳಗೆ ರಸ್ತೆಯಲ್ಲಿದ್ದಾನೆ. ಸವಣೂರಿನವರು ಭಾನುವಾರ ಬರುತ್ತಾರೆ. ಜೀಪು ಮಗನದು, ಕೊನೆಯ ಮಾತೂ ಅವನದೇ ಆಗಲಿ ಎಂದು ಅಪ್ಪ ಹೇಳಿದ್ದಾರೆ. ಪಕ್ಕದವರಿಗೆ ಉಪ್ಪಿನಕಾಯಿ ಕೊಟ್ಟು ನಿನ್ನ ಮಂಚವನ್ನು ಕಿಟಕಿಯ ಹತ್ತಿರ ತಳ್ಳಿಸಿಕೋ. ಆಸ್ಪತ್ರೆಯ ಎದುರು ಹಾರ್ನ್ ಹೊಡೆಯಬಾರದಂತೆ. ಆದರೂ ಒಂದೇ ಒಂದು ಸಲ ಹೊಡೆಯಲು ಹೇಳಿದ್ದೇನೆ. ಮಾರುವುದಾದರೆ ಸುಮ್ಮನಿರು. ಇಲ್ಲವಾದರೆ ಕೈ ಬೀಸು, ಸುಂದರನಿಗೆ ಕಾಣುವ ಹಾಗೆ.