ಒದ್ದೆ ಚೀಲದ ತೂಕ

ಮೇ ೧೪, ಟೆಂಟಿನೊಳಗಿಂದ

ಪ್ರೀತಿಯ ಅಕ್ಕ,

ಹೇಗಿದ್ದೀಯ? ದ್ವೀಪ ಮುಟ್ಟಿದ ದಿನವೇ ಬರೆಯುತ್ತೇನೆ ಎಂದಿದ್ದೆ, ಸಾರಿ. ಇಲ್ಲಿ ಎಲ್ಲದರ ಮೇಲೂ ಕಡಲ ಹಕ್ಕಿಗಳ ಹಿಕ್ಕೆ ಬೀಳುತ್ತದೆ, ಮೊದಲು ಬರೆದ ಪತ್ರ ಹಾಗೇ ಹಾಳಾಯಿತು. ನಾಳೆ ಸಾಮಾನಿನ ದೋಣಿ ಬರುತ್ತದೆ; ಇದನ್ನು ದೋಣಿಯವರ ಕೈಗೇ ಕೊಡುತ್ತೇನೆ. ನಿನ್ನ ಗಂಡನ ಕೈಗೆ ಕೊಡುವುದಿಲ್ಲ.

ಊಟ ಪರವಾಗಿಲ್ಲ. ಅಡುಗೆಯವರು ನನ್ನನ್ನು 'ಹಾಸ್ಟೆಲ್' ಎಂದೇ ಕರೆಯುತ್ತಾರೆ. ಏನು ಬಡಿಸಿದರೂ ಕಮಕ್ ಕಿಮಕ್ ಎನ್ನದೆ ತಿನ್ನುತ್ತೇನಲ್ಲ, ಅದಕ್ಕೆ. ಹಕ್ಕಿಗಳ ಕಾಲಿಗೆ ರಿಂಗ್ ಹಾಕುವುದು ಕಲಿತೆ. ಕೈಯಲ್ಲಿ ಹಿಡಿದಾಗ ಅದರ ಎದೆ ಹೊಡೆದುಕೊಳ್ಳುವುದು ನೋಡಿದರೆ ಎಕ್ಸಾಂ ಹಾಲಿನ ಹೊರಗೆ ನಿಂತ ನಾನೇ ನೆನಪಾಗುತ್ತೇನೆ. ಖುಷಿಯ ಸುದ್ದಿ ಇಷ್ಟೇ.

ಈಗ ಭಾವನ ವಿಷಯ. ಅವರು ಈ ಹಕ್ಕಿ ಕ್ಯಾಂಪಿಗೆ ಲೀಡರ್, ಒಪ್ಪಿದೆ. ಹಾಗಂತ ಏನು ಬೇಕಾದರೂ ಮಾಡಬಹುದಾ?

ಹಕ್ಕಿ ಎಲ್ಲೆಲ್ಲಿ ಹೋಗುತ್ತದೆಂದು ತಿಳಿಯಲು ಬೆನ್ನಿಗೆ ಪುಟಾಣಿ ಟ್ರ್ಯಾಕರ್ ಅಂಟಿಸುತ್ತೇವೆ. ಸಾಕಷ್ಟು ತೂಕ ಇರುವ ಹಕ್ಕಿಗೆ ಮಾತ್ರ. ಬಟ್ಟೆ ಚೀಲದೊಳಗಿಟ್ಟು ತೂಗಿ, ಆಮೇಲೆ ಬರೀ ಚೀಲ ತೂಗಿ ಕಳೆಯಬೇಕು. ಚೀಲ ಒದ್ದೆಯಾದರೆ ಮತ್ತೆ ತೂಗಬೇಕು, ಇಲ್ಲದಿದ್ದರೆ ನೀರಿನ ಭಾರವೂ ಹಕ್ಕಿಯ ಲೆಕ್ಕಕ್ಕೆ ಸೇರುತ್ತದೆ. ಇದನ್ನೆಲ್ಲ ನಮಗೆ ಹೇಳಿಕೊಟ್ಟವರೇ ಭಾವ.

ಸೋಮವಾರ ಅಲೆ ಎರಚಿ ಎಲ್ಲವೂ ತೊಯ್ದಿತ್ತು. ಭಾವ ಮಾತ್ರ ಬೆಳಗಿನ ಒಣ ಚೀಲದ ತೂಕವನ್ನೇ ಕಳೆದು, "ಸಾಕು, ಅಂಟಿಸಿಬಿಡೋಣ" ಎಂದರು. ನನ್ನ ಕೈಯಲ್ಲಿದ್ದ ಹಕ್ಕಿ ಹತ್ತಿಯಷ್ಟು ಹಗುರ.

"ಭಾವ, ಚೀಲ ತೊಟ್ಟಿಕ್ತಾ ಇದೆ. ಇನ್ನೊಂದ್ಸಲ ತೂಗೋಣ್ವಾ?" ಎಂದು ಅಲೆಯ ಸದ್ದಿನ ಮೇಲೆ ಕೂಗಿದೆ.

"ಫಸ್ಟ್ ಇಯರ್ ಮೇಡಂ, ನೀವು ಹಕ್ಕಿ ಹಿಡ್ಕೊಳ್ಳಿ ಸಾಕು. ಲೆಕ್ಕ ನಾನು ನೋಡ್ಕೋತೀನಿ."

ಎಲ್ಲರೂ ಕಿಸಕ್ಕನೆ ನಕ್ಕರು.

ಬಿಟ್ಟ ಕೂಡಲೇ ಹಕ್ಕಿ ಬಂಡೆಯ ಅಂಚಿನಿಂದ ಹಾರಿತು. ಮೇಲೇಳಲಾಗಲಿಲ್ಲ. ರೆಕ್ಕೆ ಬಡಿಯುತ್ತಲೇ ಅಲೆಯೊಳಗೆ ಬಿತ್ತು, ಮತ್ತೆ ಕಾಣಲಿಲ್ಲ. ಅದರ ಜೋಡಿ ಇನ್ನೂ ಮೊಟ್ಟೆಯ ಮೇಲೆ ಕೂತಿದೆ. ಇವು ಸರದಿ ಪ್ರಕಾರ ಕಾವು ಕೊಡುತ್ತವೆ. ಇನ್ನೊಂದು ಬರುವ ತನಕ ಇದು ಹಸಿದುಕೊಂಡೇ ಕೂರುತ್ತದೆ.

ನಾನು ಆ ಒದ್ದೆ ಚೀಲ ತೂಗಿ, ಬಂದ ತೂಕವನ್ನು ಭಾವನತ್ತ ಹಿಡಿದೆ. ಭಾವ ತಿರುಗಿಯೂ ನೋಡಲಿಲ್ಲ. ಸಂಜೆ ಟೀ ಕುಡಿಯುವಾಗ ಎಲ್ಲರ ಮುಂದೆ ಏನೆಂದರು ಗೊತ್ತಾ? "ಚೀಲ ತೂಗೋದು ನಮ್ಮ ನಾದಿನಿ ಕೆಲಸ ಆಗಿತ್ತು. ಪಾಪ, ಹೊಸಬಳು, ಯಾರೂ ಬೈಬೇಡಿ." ಬೈಬೇಡಿ ಅಂತೆ! ತಪ್ಪು ಅವರದು, ಕ್ಷಮೆ ನನಗೆ! ಮೈಯೆಲ್ಲ ಉರಿದುಹೋಯಿತು. ಅಡುಗೆಯವರೊಬ್ಬರೇ, "ಹಾಸ್ಟೆಲ್, ನೀನು ಇನ್ನೊಂದ್ಸಲ ತೂಗೋಣ ಅಂತ ಕೂಗಿದ್ದು ನನಗೆ ಇಲ್ಲೀವರೆಗೂ ಕೇಳಿಸ್ತಲ್ಲೇ" ಎಂದರು. ಭಾವ ಟೀ ಲೋಟ ಹಿಡಿದು ಎದ್ದುಹೋದರು.

ಬೇಕಾದರೆ ನಾಳೆಯ ದೋಣಿಗೆ ಮನೆಗೆ ಹೋಗು ಎಂದಿದ್ದಾರೆ, ದೊಡ್ಡ ಮನಸ್ಸು ಮಾಡಿ. ಹೋಗುವುದಿಲ್ಲ. ಹೋದರೆ ಅವರು ಹೇಳಿದ್ದೇ ನಿಜವಾಗಿಬಿಡುತ್ತದೆ.

ಅಮ್ಮನಿಗೆ ನಾನು ಸರಿಯಾಗಿ ತಿನ್ನುತ್ತಿದ್ದೇನೆ ಎಂದು ಹೇಳು. ಪಾಪುವಿಗೆ ಚಿಕ್ಕಮ್ಮನ ಮುತ್ತು. ಯಾರ ದೃಷ್ಟಿಯೂ ತಾಗದೆ ಗುಂಡುಗುಂಡಾಗಿ ಬೆಳೆಯಲಿ.

ನಿನ್ನ
ತಂಗಿ

ಮರೆತಿದ್ದೆ: ಮಂಗಳವಾರ ಭಾವ ಕ್ಯಾಂಪಿಗಿರುವ ಒಂದೇ ಫೋನಿನಿಂದ ನಿನಗೆ ಕರೆ ಮಾಡಿದಾಗ ಅದು ಸ್ಪೀಕರಿನಲ್ಲಿತ್ತು. ಅಡುಗೆ ಟೆಂಟಿನಲ್ಲಿ ನಾವೆಲ್ಲ ಕೂತಿದ್ದೆವು. "ನಿನ್ನ ತಂಗಿ ಒಂದು ಹಕ್ಕಿ ಮುಳುಗಿಸಿದ್ಲು" ಎಂದರು ಅವರು. "ಅಯ್ಯೋ, ಅವಳ ಕೈಗೆ ಯಾಕ್ರೀ ಕೊಟ್ರಿ?" ಎಂದೆ ನೀನು. ಇಲ್ಲ, ಮರೆತಿರಲಿಲ್ಲ. ಫೋನ್ ಇಡುವ ತನಕ ಅಲ್ಲೇ ಕೂತು ಕಾದೆ ಅಕ್ಕ, 'ಫೋನ್ ಅವಳಿಗೆ ಕೊಡಿ' ಎನ್ನುತ್ತೀಯೇನೋ ಎಂದು.